ಗೋಡೆ ಮೇಲಿನ ನೀಲಿ ಮಿಂಚು: ನನ್ನ ಕಾರಿನ ಝೆನಾನ್ ಹೆಡ್‌ಲೈಟ್, ನಾಲ್ಕು ಮಳೆಗಾಲ ಕಳೆದ ಮೇಲೆ

ಕಾರಿನ ಬಗ್ಗೆ ಬರೆಯುತ್ತಿಲ್ಲ. ಎಂಜಿನ್ ಎಷ್ಟು ದೊಡ್ಡದು, ನೂರು ಮುಟ್ಟೋಕೆ ಎಷ್ಟು ಸೆಕೆಂಡ್ ಬೇಕು, ಇದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ ಹಳೇ ಸ್ಪೋರ್ಟ್ಸ್ ಕಾರು. ನಾನು ಮೂರನೇ ಓನರ್. ಮೆಣಸು ಮಾರಿದ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ 2021ರಲ್ಲಿ ಬೆಂಗಳೂರಿನಿಂದ ತಂದೆ. ಆಲ್ದೂರು ಹತ್ತಿರದ ನಮ್ಮ ತೋಟದ ರಸ್ತೆಗೆ ಇಂಥ ಕಾರು ಬೇಕಿತ್ತಾ ಅಂತ ಕೇಳಬೇಡಿ. ಮನೆಯಲ್ಲಿ ಆಗಲೇ ಕೇಳಿ ಮುಗಿಸಿದ್ದಾರೆ. ನಾನು ಬರೆಯೋಕೆ ಕೂತಿದ್ದು ಅದರ ಮುಂದಿನ ಎರಡು ದೀಪದ ಬಗ್ಗೆ.

ಕಾರು ನಿಲ್ಲಿಸುವುದು ಕಾಫಿ ಮೂಟೆ ಇಡುವ ಹಳೇ ಗೋದಾಮಿನಲ್ಲಿ. ಎದುರಿಗೆ ಸುಣ್ಣ ಬಳಿದ ಗೋಡೆ. ಸಂಜೆ ಹೊರಡುವಾಗ ಸ್ವಿಚ್ ತಿರುಗಿಸಿದರೆ ಮೊದಲು ಗೋಡೆ ಮೇಲೆ ನೀಲಿ ಮಿಂಚು ಹೊಡೆಯುತ್ತದೆ. ಆಮೇಲೆ ಒಂದು ನೇರಳೆ ಮಬ್ಬು. ಅದು ನಿಧಾನಕ್ಕೆ ತಿಳಿಯಾಗುತ್ತಾ ನಾಲ್ಕೈದು ಸೆಕೆಂಡಿನಲ್ಲಿ ಹಾಲಿನಂಥ ಬಿಳುಪಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಒಳಗಿನ ಸಣ್ಣ ಮೋಟಾರು ಎರಡೂ ದೀಪವನ್ನು ಒಮ್ಮೆ ಕೆಳಗೆ ಬಗ್ಗಿಸಿ, ಮತ್ತೆ ಮೇಲಕ್ಕೆತ್ತಿ, ತನ್ನ ಜಾಗಕ್ಕೆ ಕೂರಿಸುತ್ತದೆ. ಅಮ್ಮ ಮೊದಲ ಸಲ ನೋಡಿದಾಗ "ನಿನ್ನ ಕಾರು ನಮಸ್ಕಾರ ಮಾಡ್ತದಲ್ಲ ಮಾರಾಯ!" ಅಂದಿದ್ದರು. ಈಗಲೂ ನಾನು ಆ ನಮಸ್ಕಾರ ಮುಗಿಯುವ ತನಕ ಗೇರ್ ಹಾಕುವುದಿಲ್ಲ.

ಈ ಬಲ್ಬಿನಲ್ಲಿ ತಂತಿ ಇಲ್ಲ. ಸಣ್ಣ ಗಾಜಿನ ಗುಂಡಿನೊಳಗೆ ಝೆನಾನ್ ಅನಿಲ, ಚೂರು ಲೋಹದ ಲವಣ. ಬ್ಯಾಲಾಸ್ಟ್ ಅನ್ನೋ ಡಬ್ಬಿ ಸುಮಾರು 20,000 ವೋಲ್ಟಿನ ಏಟು ಕೊಟ್ಟು ಒಳಗೆ ಕಿಡಿ ಹೊತ್ತಿಸುತ್ತದೆ. ಹೊತ್ತಿಕೊಂಡ ಮೇಲೆ 35 ವಾಟ್ ಸಾಕು. ತಂತಿ ಇರುವ ಮಾಮೂಲಿ 55 ವಾಟಿನ ಹ್ಯಾಲೋಜನ್ ಬಲ್ಬು 1,500 ಲ್ಯೂಮೆನ್ (ಬೆಳಕಿನ ಅಳತೆ) ಆಸುಪಾಸು ಕೊಟ್ಟರೆ ಇದು 3,200ರ ಹತ್ತಿರ ಕೊಡುತ್ತದೆ. 1991ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್‌ನಲ್ಲಿ ಮೊದಲು ಬಂದಾಗ ಇದು ದೊಡ್ಡವರ ಸೊತ್ತಾಗಿತ್ತು. ಮೂರನೇ ಕೈಗೆ ಇಳಿದ ಮೇಲೆ ನಮ್ಮಂಥವರಿಗೂ ಸಿಕ್ಕಿತು.

ಜನವರಿ ತಿಂಗಳ ಒಣ ರಾತ್ರಿ, ಹಾಸನದಲ್ಲಿ ಆರತಕ್ಷತೆ ಊಟ ಮುಗಿಸಿ ಬೇಲೂರು ಮೇಲೆ ವಾಪಸ್ ಬರುವಾಗ ಈ ದೀಪದ ಮೇಲೆ ನನಗೆ ನಿಜಕ್ಕೂ ಪ್ರೀತಿ ಉಕ್ಕುತ್ತದೆ. ಬೆಳಕಿನ ಮೇಲಂಚು ಚಾಕುವಿನಲ್ಲಿ ಕೊಯ್ದ ಹಾಗೆ. ಬಲಗಡೆ ತಗ್ಗಿಯೇ ಇರುತ್ತದೆ, ಎದುರಿನವನ ಕಣ್ಣಿಗೆ ಹೊಡೆಯುವುದಿಲ್ಲ. ಎಡಗಡೆ ಮಾತ್ರ ಅಂಚು ಮೇಲಕ್ಕೇರುತ್ತದೆ. ಅಲ್ಲಿ ಮೈಲಿಗಲ್ಲು, ಟಾರಿನ ಕಿತ್ತ ಅಂಚು, ಕಂಬಳಿ ಹೊದ್ದು ನಡೆದು ಹೋಗುವ ಮನುಷ್ಯ, ಎಲ್ಲ ಮೊದಲೇ ಕಾಣುತ್ತದೆ. ಹೈ ಬೀಮ್ ಹಾಕಿದರೆ ಬೇರೆ ಬಲ್ಬು ಹೊತ್ತುವುದಿಲ್ಲ. ಅದೇ ಬಲ್ಬಿನ ಮುಂದಿನ ತಗಡಿನ ಪರದೆ 'ಟಕ್' ಅಂತ ಸರಿಯುತ್ತದೆ, ಅಷ್ಟೇ. ಹಾಗೆ ಸರಿದ ಒಂದು ರಾತ್ರಿ, ಸಿಲ್ವರ್ ಓಕ್ ಸಾಲಿನ ಕೊನೆಯಲ್ಲಿ ಒಂದು ಕಾಟಿ, ಅಂದರೆ ಕಾಡುಕೋಣ, ರಸ್ತೆಗೆ ಅಡ್ಡ ನಿಂತಿತ್ತು. ಹಳೇ ಕಾರಿನ ಹಳದಿ ಬೆಳಕಾಗಿದ್ದರೆ ಅದರ ಹೊಟ್ಟೆಗೆ ಹೋಗಿ ಕೂರುತ್ತಿದ್ದೆ ಅನ್ನಿಸುತ್ತದೆ. ಅದು ಪುರುಸೊತ್ತಾಗಿ ದಾಟಿತು. ನಾನು ಅದಕ್ಕಿಂತ ಪುರುಸೊತ್ತಾಗಿ ಹೊರಟೆ.

ಇಲ್ಲಿಗೇ ನಿಲ್ಲಿಸಿದರೆ ಐದಕ್ಕೆ ಐದು ಕೊಡಬೇಕಾಗುತ್ತದೆ. ಆದರೆ ನಮ್ಮೂರಲ್ಲಿ ಜೂನ್ ಅಂತ ಒಂದು ತಿಂಗಳಿದೆ.

ಅಕ್ಕನ ಮನೆ ಉಜಿರೆಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವುದು ವರ್ಷಕ್ಕೆ ಹತ್ತು ಸಲವಾದರೂ ಇದ್ದದ್ದೇ. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದರೆ ನನ್ನ ಈ ರಾಜದೀಪ ಮೂರು ಕಾಸಿಗೆ ಬೇಡ. ಮಂಜಿನ ಒಂದೊಂದು ಹನಿಯೂ ಬೆಳಕನ್ನು ನನ್ನ ಮುಖಕ್ಕೇ ವಾಪಸ್ ಎಸೆಯುತ್ತದೆ. ಬೆಳಕು ಜಾಸ್ತಿಯಾದಷ್ಟೂ ಎದುರಿನ ಬಿಳಿ ಗೋಡೆ ದಪ್ಪ. ಮೊದಲ ವರ್ಷ ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ನಿಲ್ಲಿಸಿಬಿಟ್ಟೆ. ಹಿಂದಿನಿಂದ ಬಂದ ಹಳೇ ಜೀಪೊಂದು ಮಂಕು ಹಳದಿ ದೀಪದಲ್ಲಿ ಆರಾಮಾಗಿ ಮುಂದೆ ಹೋಯಿತು. ನಾಚಿಕೆ ಬಿಟ್ಟು ಅದರ ಹಿಂದಿನ ಕೆಂಪು ದೀಪ ಹಿಡಿದುಕೊಂಡೇ ಕೆಳಗಿಳಿದೆ.

ಆಮೇಲೆ ಕಲಿತದ್ದು ಇಷ್ಟು. ಮಂಜಿನಲ್ಲಿ ಸ್ವಿಚ್ಚನ್ನು ಪಾರ್ಕಿಂಗ್ ಲೈಟಿಗೆ ತಿರುಗಿಸಿ, ಒಂದು ಕ್ಲಿಕ್ ಹೊರಗೆಳೆದರೆ ಝೆನಾನ್ ಆರಿ ಬಂಪರಿನ ಫಾಗ್ ಲ್ಯಾಂಪ್ ಮಾತ್ರ ಉರಿಯುತ್ತದೆ. ಅದಕ್ಕೆ ಹಳದಿ ಹ್ಯಾಲೋಜನ್ ಬಲ್ಬು ಹಾಕಿಸಿದೆ, ಜೋಡಿಗೆ ಆರುನೂರು ರೂಪಾಯಿ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ನಿಜ ಅಲ್ಲ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತದೆ. ಹಳದಿ ಕಣ್ಣಿಗೆ ಹಿತ, ಅಷ್ಟೇ. ಕೆಲಸ ಮಾಡುವುದು ದೀಪ ತಗ್ಗಿನಲ್ಲಿರುವುದು, ಬೆಳಕು ಚಾಪೆ ಹಾಸಿದ ಹಾಗೆ ನೆಲದ ಮೇಲೇ ಅಗಲಕ್ಕೆ ಹರಡುವುದು. ಲಕ್ಷಗಟ್ಟಲೆ ಕಾರಿನಲ್ಲಿ ಆರುನೂರರ ಬಲ್ಬು ನನ್ನನ್ನು ಅಕ್ಕನ ಮನೆ ಮುಟ್ಟಿಸುತ್ತದೆ!

ಸಣ್ಣಪುಟ್ಟ ಕಿರಿಕಿರಿ ಇನ್ನೂ ಇವೆ. ಹಂಪ್ ಹತ್ತಿದಾಗ ಕಾರಿನ ಮೂತಿ ಎದ್ದು ಆ ಚಾಕುವಿನ ಅಂಚು ಎದುರಿನವನ ಕಣ್ಣಿಗೆ ಒಮ್ಮೆ ಫಳಕ್ ಅನ್ನುತ್ತದೆ. ಅವನು ನಾನು ಲೈಟ್ ಹೊಡೆದೆ ಅಂದುಕೊಂಡು ತಿರುಗಿ ಹೊಡೆಯುತ್ತಾನೆ. "ಏನ್ ಸ್ವಾಮಿ, ಡಿಮ್ ಮಾಡೋಕೆ ಬರಲ್ವಾ?" ಅಂತ ನಿಲ್ಲಿಸಿ ಕೇಳಿದವರೂ ಇದ್ದಾರೆ. ಇನ್ನು ಬಂಪರಿನಿಂದ ಆಮೆ ತಲೆಯ ಹಾಗೆ ಹೊರಬಂದು ದೀಪಕ್ಕೆ ನೀರು ಚಿಮ್ಮಿಸುವ ವಾಷರ್. ಇಷ್ಟು ಪ್ರಖರ ದೀಪಕ್ಕೆ ಅದು ಇರಲೇಬೇಕು ಅಂತ ಯುರೋಪಿನಲ್ಲಿ ನಿಯಮ. ಗಾಜಿನ ಮೇಲೆ ಕೆಸರು ಕೂತರೆ ಬೆಳಕು ಅಡ್ಡಾದಿಡ್ಡಿ ಚದುರುತ್ತದಲ್ಲ, ಅದಕ್ಕೆ. ನಿಯಮ ಮಾಡಿದವರು ನಮ್ಮ ಕೆಂಪು ಮಣ್ಣು ನೋಡಿಲ್ಲ. ಮೂಡಿಗೆರೆ ಮುಟ್ಟುವುದರೊಳಗೆ ಟ್ಯಾಂಕ್ ಖಾಲಿ.

ಮೂರನೇ ಮಳೆಗಾಲದಲ್ಲಿ ಬಲಗಡೆ ದೀಪ ಕೈಕೊಟ್ಟಿತು. ಮೊದಲು ಗಾಜಿನ ಒಳಗೆ ಬೆವರು. ಆಮೇಲೆ ಮಿಣಮಿಣ. ಆರಿಸಿ ಹಾಕಿದರೆ ಹತ್ತು ನಿಮಿಷ ಉರಿದು ಮತ್ತೆ ಕತ್ತಲು. ಬಲಗಣ್ಣು ಹೋದರೆ ಎದುರಿನಿಂದ ಬರುವವನಿಗೆ ನಾವು ಬೈಕ್. ಲಾರಿಯವನೊಬ್ಬ ಹಾಗೇ ಅಂದುಕೊಂಡು ನನ್ನ ಮೇಲೇ ಬಂದ. ಚರಂಡಿಗೆ ಒಂದು ಚಕ್ರ ಇಳಿಸಿ ಬಚಾವಾದೆ.

ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಕೂಡ ಎತ್ತದೆ ಇಡೀ ಹೆಡ್‌ಲೈಟ್ ಬದಲಿಸಬೇಕು ಅಂದರು. ಒಂದೂ ಮುಕ್ಕಾಲು ಲಕ್ಷ. ನಗು ಬಂತು, ಆಮೇಲೆ ಸಿಟ್ಟು ಬಂತು. ಚಿಕ್ಕಮಗಳೂರಿನ ನಮ್ಮ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. "ಬಲ್ಬು ಅದಲುಬದಲು ಮಾಡಿ ನೋಡಣ ಸಾರ್. ರೋಗ ಬಲ್ಬಿನ ಜೊತೆ ಆ ಕಡೆಗೆ ಹೋದ್ರೆ ಬಲ್ಬು, ಇಲ್ಲೇ ಉಳಿದ್ರೆ ಬ್ಯಾಲಾಸ್ಟ್" ಅಂದ. ಒಂದು ಬಲ್ಬಿಗೆ ಚಕ್ರ ಬಿಚ್ಚಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ಕೈ ತೂರಿಸಬೇಕು. ಬ್ಯಾಟರಿ ವೈರ್ ತೆಗೆಯುವ ತನಕ ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ. ಬಲ್ಬಿನ ಗಾಜಿಗೆ ಬೆರಳು ತಾಕದ ಹಾಗೆ, ಮೊಟ್ಟೆ ಹಿಡಿದಂತೆ ಬಟ್ಟೆಯಲ್ಲಿ ಹಿಡಿದಿದ್ದ. ರೋಗ ಬಲಗಡೆಯೇ ಉಳಿಯಿತು. ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ನೀರಿಳಿದು ಬ್ಯಾಲಾಸ್ಟ್ ತುಕ್ಕು ಹಿಡಿದಿತ್ತು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಡಬ್ಬಿ ಎಂಟೂವರೆ ಸಾವಿರಕ್ಕೆ ಬಂತು. ಕೂಲಿ ಎಂಟುನೂರು.

ಹಾಗಾಗಿ ಹಳೇ ಕಾರು ನೋಡೋಕೆ ಹೋಗುವವರು ಹಗಲಲ್ಲಿ ಹೋಗಬೇಡಿ. ಸಂಜೆ ಹೋಗಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದೀಪ ಹಾಕಿ ಕಾಲು ಗಂಟೆ ಬಿಡಿ. ನಮಸ್ಕಾರ ಮಾಡುತ್ತಾ, ಎರಡೂ ಒಂದೇ ಬಣ್ಣವಾ, ಮಿಣುಕುತ್ತಾ, ನೋಡಿ. ಬೆಳಕು ಗುಲಾಬಿ ಕಡೆ ತಿರುಗಿದ್ದರೆ ಬಲ್ಬಿಗೆ ವಯಸ್ಸಾಯಿತು ಅಂತ ಅರ್ಥ. ಮತ್ತೆ, ದಯವಿಟ್ಟು, ಹ್ಯಾಲೋಜನ್ ಗೂಡಿಗೆ ಸುಮ್ನೆ ಝೆನಾನ್ ಕಿಟ್ ತುರುಕಬೇಡಿ. ನನ್ನ ಸೋದರಮಾವನ ಮಗ ಜೀಪಿಗೆ ಹಾಕಿಸಿದ್ದಾನೆ. ಅವನಿಗೆ ರಸ್ತೆಗಿಂತ ಮರದ ತುದಿ ಚೆನ್ನಾಗಿ ಕಾಣುತ್ತದೆ, ಎದುರಿನವರಿಗೆ ಏನೂ ಕಾಣುವುದಿಲ್ಲ.

ಎಲ್‌ಇಡಿ ಮಾಡಿಸ್ರೀ ಅಂತ ಹೆಂಡತಿ ಹೇಳುತ್ತಾಳೆ. ಅವಳ ಹೊಸ ಕಾರಿನಲ್ಲಿ ಅದೇ ಇದೆ. ಹಾಕಿದ ಕ್ಷಣ ಪೂರ್ತಿ ಬೆಳಕು, ಬಲ್ಬು ಹೋಗುವ ಗೋಳಿಲ್ಲ. ಒಪ್ಪುತ್ತೇನೆ. ಆದರೆ ಅದು ಗೋಡೆ ಮುಂದೆ ಏನೂ ಮಾಡುವುದಿಲ್ಲ.

ಕಳೆದ ತಿಂಗಳು ಎಡಗಡೆ ಬಲ್ಬು ಹೋಯಿತು. ಜೋಡಿಯಾಗಿಯೇ ಬದಲಿಸಬೇಕು ಅಂತ ಗೊತ್ತು, ಆದರೆ ಒಂದಕ್ಕೇ ಏಳು ಸಾವಿರ. ಒಂದೇ ತಂದೆ. ಈಗ ಎಡಗಣ್ಣು ಬಿಳಿ, ಬಲಗಣ್ಣು ತಿಳಿ ಗುಲಾಬಿ. ಅದರದ್ದು ಕಾಫಿ ದುಡ್ಡು ಕೈಗೆ ಬಂದ ಮೇಲೆ.