ಹಳೆಯ ಮನೆಯ ಕೀಲಿಕೈಗಳು: ಗಾಳಿಗಂಟೆ, ತೋರಣ, ಕಸೂತಿಯ ಚೌಕಟ್ಟು

ಧಾರವಾಡದಲ್ಲಿದ್ದ ನಮ್ಮ ಅಜ್ಜನ ಕಾಲದ ಮನೆಯನ್ನು ಕೆಡವಿದ ಮೇಲೆ ತೊಲೆ, ಕಂಬ, ಬಾಗಿಲುಗಳೆಲ್ಲ ಹಳೆ ಮರದ ವ್ಯಾಪಾರಿಗಳ ಪಾಲಾದವು. ನಮ್ಮ ಕೈಯಲ್ಲಿ ಉಳಿದದ್ದು ಕೀಲಿಕೈಗಳ ಒಂದು ಗೊಂಚಲು. ತಲಬಾಗಿಲಿನ ಉದ್ದನೆಯ ಕಬ್ಬಿಣದ ಕೀಲಿಕೈ, ದೇವರ ಮನೆಯ ಹಿತ್ತಾಳೆಯದು, ಅಟ್ಟದ್ದು, ಟ್ರಂಕುಗಳ ಪೊಳ್ಳು ಕೊಳವೆಯ ಸಣ್ಣವು. ಇವನ್ನು ಮನೆಯವರ ಕಣ್ಣಿಗೆ ದಿನವೂ ಬೀಳುವಂತೆ ಇಡಬೇಕೆಂದು ಗಾಳಿಗಂಟೆ, ಬಾಗಿಲ ತೋರಣ ಮತ್ತು ಬಟ್ಟೆಯ ಮೇಲೆ ಜೋಡಿಸಿದ ಚೌಕಟ್ಟು ಎಂಬ ಮೂರು ವಿಧಗಳನ್ನು ಮಾಡಿ ನೋಡಿದೆ. ಚೆಂದ ಕಾಣುವುದು ಎರಡನೆಯ ಮಾತು. ಯಾವ ಕೀಲಿಕೈ ಯಾವ ಬಾಗಿಲಿನದು ಎಂಬ ನೆನಪು ಯಾವುದರಲ್ಲಿ ಉಳಿಯುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದ್ದೇನೆ.

ಮೂರಕ್ಕೂ ಮೊದಲ ಕೆಲಸ ಶುಚಿ ಮಾಡುವುದು. ಹಿತ್ತಾಳೆಗೆ ನೆನೆಸಿದ ಹುಣಸೆಹಣ್ಣು ಸಾಕು, ಅದರ ಹುಳಿಯೇ ಮೇಲಿನ ಕಿಲುಬನ್ನು ಕರಗಿಸುತ್ತದೆ. ಆದರೆ ಹೊಸದರಂತೆ ಹೊಳೆಯುವವರೆಗೆ ತಿಕ್ಕಬಾರದು, ಏಕೆಂದರೆ ಹಿಡಿಯ ಸಂದಿಗಳಲ್ಲಿ ಕೂತ ಕಪ್ಪಿನಿಂದಲೇ ಅದರ ವಯಸ್ಸು ತಿಳಿಯುತ್ತದೆ. ಕಬ್ಬಿಣದವನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಡಬೇಕು. ತೇವ ಉಳಿದರೆ ಹೊಸ ತುಕ್ಕು ಬೇಗ ಬರುತ್ತದೆ. ಮೇಲೆ ಹಚ್ಚಲು ಕೊಬ್ಬರಿ ಎಣ್ಣೆಗಿಂತ ನಮ್ಮ ಕಡೆಯ ಅಗಸಿ ಎಣ್ಣೆ ಮೇಲು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ತೆಳುವಾದ ಗಟ್ಟಿ ಪದರವಾಗುತ್ತದೆ. ಒಂದು ಎಚ್ಚರಿಕೆ ಅಗತ್ಯ: ಅದೇ ಕಾರಣಕ್ಕೆ ಈ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾಯ್ದು ಬೆಂಕಿ ಹತ್ತಬಹುದು. ಅದನ್ನು ಹೊರಗೆ ಹರವಿ ಒಣಗಿಸಬೇಕು.

ಗಾಳಿಗಂಟೆಯನ್ನು ಮಾಡುವುದು ಎಲ್ಲಕ್ಕಿಂತ ಸುಲಭ. ಒಂದು ಕಟ್ಟಿಗೆಗೆ ದಾರಗಳನ್ನು ಕಟ್ಟಿ ಇಳಿಬಿಟ್ಟರೆ ಮುಗಿಯಿತು, ಆಷಾಢದ ಪಡುವಣ ಗಾಳಿಗೆ ಅದು ದಿನವಿಡೀ ಕಿಣಿಕಿಣಿ ಎನ್ನುತ್ತದೆ. ನಾದ ಮಾತ್ರ ನಿಲ್ಲುವುದಿಲ್ಲ. ಲೋಹದ ಕಡ್ಡಿಯನ್ನು ತುದಿಯಿಂದ ಅದರ ಉದ್ದದ ಸುಮಾರು 22 ಪ್ರತಿಶತದಷ್ಟು ಒಳಗೆ ಕಟ್ಟಿದರೆ ದನಿ ಬಹಳ ಹೊತ್ತು ಅನುರಣಿಸುತ್ತದೆ. ಕೀಲಿಕೈಯನ್ನು ತುದಿಯ ಬಳೆಯಲ್ಲೇ ಕಟ್ಟಬೇಕಾಗುವುದರಿಂದ ದನಿ ಹುಟ್ಟಿದಲ್ಲೇ ಅಡಗುತ್ತದೆ. ಮೇಲಾಗಿ ಒಂದಕ್ಕೊಂದು ಬಡಿದು ಎಣ್ಣೆಯ ಪದರ ಕಿತ್ತುಹೋಗಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಲ್ಲೇ ತುಕ್ಕು ಕಾಣಿಸಿಕೊಳ್ಳುತ್ತದೆ. ಗದಗಿನ ಒಣ ಹವೆಯಲ್ಲಿ, ಮಳೆ ಸಿಡಿಯದ ಪಡಸಾಲೆಯಲ್ಲಿ ಇದು ಹೆಚ್ಚು ಬಾಳೀತು. ಆದರೂ ದಾರಗಳು ಹೆಣೆದುಕೊಂಡು ತಲಬಾಗಿಲು, ಅಟ್ಟ, ಟ್ರಂಕು ಎಲ್ಲ ಕಲಸಿಹೋಗುವುದನ್ನು ನಾನು ಒಪ್ಪಲಾರೆ.

ತೋರಣದಲ್ಲಿ ಸಾಲು ಕೆಡುವುದಿಲ್ಲ, ಹಬ್ಬದಲ್ಲಿ ಮಾವಿನ ಎಲೆಗಳ ನಡುವೆ ಹಿತ್ತಾಳೆ ಒಪ್ಪುತ್ತದೆ. ನೂಲಿನ ಹುರಿ ಭಾರಕ್ಕೆ ಜಗ್ಗುವುದರಿಂದ ಹಿತ್ತಾಳೆಯ ಸರಪಳಿ ಬೇಕು. ಆದರೆ ಕತ್ತೆತ್ತಿ ನೋಡುವವರು ಎಷ್ಟು ಮಂದಿ?

ಚೌಕಟ್ಟಿಗೆ ಬಹಳ ತಾಳ್ಮೆ ಬೇಕು, ನನ್ನ ಮನಸ್ಸು ನಿಂತದ್ದೂ ಇದರಲ್ಲಿಯೇ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗದ ಬಿಳಿ ಖಾದಿಯ ಮೇಲೆ ಕೆಡವಿದ ಮನೆಯ ನಕ್ಷೆಯನ್ನೇ ಕಸೂತಿಯಲ್ಲಿ ತೆಗೆದು, ಗೋಡೆಯ ಗೆರೆ ಬಿಟ್ಟಲ್ಲೆಲ್ಲ ಬಾಗಿಲು ಎಂದು ತಿಳಿದು, ಆಯಾ ಬಾಗಿಲಿಗೆ ಅದರದೇ ಕೀಲಿಕೈಯನ್ನು ಇಟ್ಟೆ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಡೆಗಳಿಗೆ ಗಾವಂತಿಯೇ ಸರಿ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುವುದರಿಂದ ಗೆರೆ ಎರಡೂ ಬದಿ ಒಂದೇ ರೀತಿ ಮೂಡುತ್ತದೆ, ಗಂಟು ಇರುವುದಿಲ್ಲ. ಹಿತ್ತಲಿನ ತುಳಸಿ ಕಟ್ಟೆಯನ್ನು ಒಂದರ ಮೇಲೊಂದು ಅಡ್ಡ ಬೀಳುವ ಮೆಂತಿ ಹೊಲಿಗೆಯಲ್ಲಿ ತುಂಬಿದೆ. ಅಟ್ಟದ ಮೆಟ್ಟಿಲು ನಡುಮನೆಯ ಯಾವ ಮೂಲೆಯಲ್ಲಿತ್ತೆಂಬುದಕ್ಕೆ ಅತ್ತೆಯಂದಿರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಅಂಥ ಮಾತು ಗಾಳಿಗಂಟೆಯನ್ನು ನೋಡಿ ಹುಟ್ಟಿರಲಿಲ್ಲ.

ಬಟ್ಟೆಯ ಬಣ್ಣದಲ್ಲೂ ಹೋಲಿಕೆ ಮಾಡಿದೆ. ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆಯಲ್ಲಿ ತುಕ್ಕಿನ ಕಲೆ ಕಾಣುವುದಿಲ್ಲ, ಆದರೆ ಎಳೆ ಎಣಿಸಿ ಹೊಲಿಯಲು ಕಣ್ಣು ಸೋಲುತ್ತದೆ. ಬಿಳಿ ಖಾದಿಯಲ್ಲಿ ಎಣಿಕೆ ಸಲೀಸು, ಆದರೆ ಮಳೆಗಾಲದಲ್ಲಿ ಕಬ್ಬಿಣ ತಾಗಿದಲ್ಲೆಲ್ಲ ಸಾಬೂನಿಗೆ ಹೋಗದ ಕಂದು ಕಲೆ ಬೀಳುತ್ತದೆ. ಆದ್ದರಿಂದ ಕೀಲಿಕೈಗಳನ್ನು ಬಟ್ಟೆಗೆ ಹೊಲಿಯದೆ, ಹಿಂದಿನ ಪ್ಲೈವುಡ್ಡಿಗೆ ತಿರುಪಿದ ಹಿತ್ತಾಳೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಬಟ್ಟೆಯಿಂದ ಒಂದು ಕಡಲೆಕಾಳಿನಷ್ಟು ದೂರವಿಟ್ಟಿದ್ದೇನೆ. ಬೇಕೆಂದವರು ತೆಗೆದು ಕೈಯಲ್ಲಿ ಹಿಡಿಯಲೂಬಹುದು. ಹಳೆಯ ಹಿತ್ತಾಳೆಯಲ್ಲಿ ಸೀಸ ಇರುವುದುಂಟು, ಹಾಗಾಗಿ ಚಿಕ್ಕ ಮಕ್ಕಳು ಬಾಯಿಗೆ ಹಾಕದಂತೆ ಎತ್ತರದಲ್ಲಿರಲಿ. ಇನ್ನೂ ಬಳಕೆಯಲ್ಲಿರುವ ಬೀಗದ ಕೀಲಿಕೈಯನ್ನು ಯಾವ ವಿಧದಲ್ಲೂ ತೂಗುಹಾಕಬಾರದು, ಏಕೆಂದರೆ ಹಲ್ಲುಗಳ ಸ್ಪಷ್ಟ ಫೋಟೋ ಒಂದಿದ್ದರೂ ನಕಲು ಮಾಡಿಸಬಹುದು. ಚೌಕಟ್ಟನ್ನು ಪಶ್ಚಿಮದ ಗೋಡೆಗೆ ಹಾಕದೆ ಒಳಗೋಡೆಗೆ ಹಾಕಿದರೆ ಮಳೆಗಾಲದ ತೇವ ಹಿಂಬದಿಯಿಂದ ಏರುವುದಿಲ್ಲ.