ಮನೆಗೆ ಬಂದ ಪೈಪ್ ಗ್ಯಾಸ್: ಐದರಲ್ಲಿ ನಾಲ್ಕು ಅಂಕ, ಒಂದನ್ನು ಕಳೆದದ್ದೇಕೆ

ಮಂಗಳೂರಿನ ನಮ್ಮ ಮನೆಗೆ ಕೊಳವೆಯ ಮೂಲಕ ಬರುತ್ತಿರುವ ಅಡುಗೆ ಅನಿಲದ ಸೇವೆಯ ಬಗ್ಗೆ, ಅದನ್ನು ದಿನವೂ ಬಳಸುವ ಗೃಹಿಣಿಯಾಗಿ ಬರೆಯುತ್ತಿದ್ದೇನೆ. ಸಂಪರ್ಕ ಪಡೆಯಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ನನ್ನ ಸಲಹೆ, ನಿಮ್ಮ ಬೀದಿಗೆ ಕೊಳವೆ ಬಂದಿದ್ದರೆ ಖಂಡಿತ ಪಡೆಯಿರಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕಕ್ಕೆ ಅಡುಗೆಮನೆಯೊಳಗೆ ಕಾರಣವಿಲ್ಲ. ಅನಿಲ ಇಲ್ಲಿಗೆ ಬಂದ ದಾರಿಯಲ್ಲಿ ಜಮೀನಿನವರನ್ನು ನಡೆಸಿಕೊಂಡ ರೀತಿಯಲ್ಲಿದೆ.

ಮೊದಲು ಅಡುಗೆಮನೆಯ ಮಾತು. ಸಿಲಿಂಡರಿನ ಅನಿಲಕ್ಕಿಂತ ಕೊಳವೆಯ ಅನಿಲ ಕಡಿಮೆ ಒತ್ತಡದಲ್ಲಿ ಬರುತ್ತದೆ ಮತ್ತು ಅಷ್ಟೇ ಗಾತ್ರದ ಅನಿಲದಲ್ಲಿರುವ ಶಾಖವೂ ಕಡಿಮೆ. ಆದ್ದರಿಂದ ಒಲೆಯ ಜೆಟ್‌ನ, ಅಂದರೆ ಬರ್ನರಿಗೆ ಅನಿಲ ಬಿಡುವ ಸಣ್ಣ ಮೂತಿಯ, ರಂಧ್ರವನ್ನು ದೊಡ್ಡದು ಮಾಡಲೇಬೇಕಾಗುತ್ತದೆ. ನಮ್ಮಲ್ಲಿಗೆ ಬಂದ ಫಿಟ್ಟರ್ ಬರ್ನರುಗಳನ್ನು ಬಿಚ್ಚಿ, ಜೆಟ್ ಬದಲಿಸಿ, ಪ್ರತಿಯೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ ಮೇಲೆಯೇ ಒಲೆ ಹಚ್ಚಿದರು. “ಅಮ್ಮ, ಉರಿ ನೀಲಿ ಇರ್ಬೇಕು, ಹಳದಿಗೆ ತಿರುಗಿದ್ರೆ ನಮಗೊಂದು ಫೋನ್ ಮಾಡಿ” ಎಂದು ಹೇಳಿ ಹೋದರು. ಉರಿ ಈವರೆಗೆ ಹಳದಿಗೆ ತಿರುಗಿಲ್ಲ. ಕುಚ್ಚಲಕ್ಕಿ ಬೇಯಿಸುವ ಮನೆಯವರಿಗೆ ಈ ಸೇವೆಯ ಬೆಲೆ ಬೇಗ ತಿಳಿಯುತ್ತದೆ. ಅಷ್ಟು ಹೊತ್ತು ಕುದಿಯುವ ಅನ್ನದ ನಡುವೆ ಸಿಲಿಂಡರ್ ಖಾಲಿಯಾಗುವ ಭಯವಿಲ್ಲ, ಆಟಿಯ ಮಳೆಯಲ್ಲಿ ಗುಡ್ಡದ ಮೆಟ್ಟಿಲು ಹತ್ತಿ ಸಿಲಿಂಡರ್ ಹೊತ್ತು ತರುವವರನ್ನು ಕಾಯಬೇಕಾಗಿಯೂ ಇಲ್ಲ. ಉರಿದಷ್ಟಕ್ಕೆ ಮಾತ್ರ ಮೀಟರ್ ಓಡುತ್ತದೆ. ಸೋರಿದರೂ ಈ ಅನಿಲ ಗಾಳಿಗಿಂತ ಹಗುರವಾದ್ದರಿಂದ ಮೇಲಕ್ಕೇರುತ್ತದೆ. ಸಿಲಿಂಡರಿನದ್ದು ನೆಲದಲ್ಲಿ ತಂಗುತ್ತದೆ. ಹಾಗಾಗಿ ಅಡುಗೆಮನೆಯ ಗೋಡೆಯಲ್ಲಿ ಎತ್ತರದಲ್ಲೊಂದು ಗಾಳಿಕಿಂಡಿ ಇರಲೇಬೇಕು.

ಈ ಅನಿಲ ನಮ್ಮ ಒಲೆಗೆ ಬರುವುದಕ್ಕೆ ಹಿಡಿದ ಕಾಲವನ್ನೂ ವಿಮರ್ಶೆಯಲ್ಲಿ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಕೊಚ್ಚಿಯ ಪುದುವೈಪ್ಪಿನಲ್ಲಿ ವರ್ಷಕ್ಕೆ 50 ಲಕ್ಷ ಟನ್ ದ್ರವೀಕೃತ ನೈಸರ್ಗಿಕ ಅನಿಲವನ್ನು (ತಂಪಾಗಿಸಿ ದ್ರವ ಮಾಡಿ ಹಡಗಿನಲ್ಲಿ ತರುವ ಇದೇ ಅನಿಲ) ನಿಭಾಯಿಸಬಲ್ಲ ಟರ್ಮಿನಲ್ 2013ರಲ್ಲೇ ಸಿದ್ಧವಾಗಿತ್ತು. ಆದರೆ ಅಲ್ಲಿಂದ ಹೊರಗೆ ಒಯ್ಯುವ ಕೊಳವೆ ಇಲ್ಲದೆ ವರ್ಷಗಟ್ಟಲೆ ಅದರ ಸಾಮರ್ಥ್ಯದ ಅಲ್ಪ ಭಾಗ ಮಾತ್ರ ಬಳಕೆಯಾಯಿತು. ಸಾರ್ವಜನಿಕ ವಲಯದ ಅನಿಲ ಕಂಪನಿಯಾದ ಗೇಲ್ ಸಂಸ್ಥೆಯ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಎರ್ನಾಕುಲಂ, ತ್ರಿಶೂರು, ಪಾಲಕ್ಕಾಡು, ಮಲಪ್ಪುರಂ, ಕಲ್ಲಿಕೋಟೆ, ಕಣ್ಣೂರು, ಕಾಸರಗೋಡು ಜಿಲ್ಲೆಗಳನ್ನು ಹಾದು ಬರಬೇಕಿತ್ತು. ಜಮೀನಿನ ತಕರಾರಿನಿಂದ ಕೆಲಸ ನಿಂತು, 2014ರಲ್ಲಿ ಗುತ್ತಿಗೆಗಳನ್ನೇ ರದ್ದು ಮಾಡಬೇಕಾಯಿತು. 2016ರಲ್ಲಿ ಕೇರಳದಲ್ಲಿ ಪಿಣರಾಯಿ ವಿಜಯನ್ ಸರ್ಕಾರ ಬಂದ ಮೇಲೆ ಕೆಲಸ ಮತ್ತೆ ವೇಗ ಪಡೆಯಿತಾದರೂ, 2017ರ ನವೆಂಬರ್‌ನಲ್ಲಿ ಕಲ್ಲಿಕೋಟೆ ಜಿಲ್ಲೆಯ ಮುಕ್ಕಂ ಬಳಿ ಪ್ರತಿಭಟನಕಾರರ ಮೇಲೆ ಲಾಠಿ ಬೀಸಲಾಯಿತು. ನೂರಕ್ಕೂ ಹೆಚ್ಚು ಕಡೆ ನೀರಿನ ಅಡಿಯಿಂದ ಕೊರೆದು ಕೊಳವೆ ದಾಟಿಸಬೇಕಾಗಿತ್ತು. ಕೊನೆಯವರೆಗೂ ಕಾಡಿದ ಅಡ್ಡಿಗಳಲ್ಲಿ ಕಾಸರಗೋಡಿನ ಚಂದ್ರಗಿರಿ ಹೊಳೆಯೂ ಒಂದು. ಅಂತೂ 2021ರ ಜನವರಿ 5ರಂದು ಪ್ರಧಾನಿ ಮಾರ್ಗವನ್ನು ಉದ್ಘಾಟಿಸಿದರು. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರವವನ್ನು ಬಿಟ್ಟು ಅನಿಲದಿಂದ ಯೂರಿಯಾ ತಯಾರಿಸಲು ಸಾಧ್ಯವಾದದ್ದು ಇದೇ ಕೊಳವೆಯಿಂದ.

ತಡವಾದದ್ದಕ್ಕೆ ಜಮೀನಿನವರ ಹಟವೇ ಕಾರಣ ಎಂದು ಇಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ನಾನು ಇದನ್ನು ಒಪ್ಪುವುದಿಲ್ಲ. ಇಡೀ ವ್ಯವಹಾರ ನಡೆಯುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯ ಅಡಿಯಲ್ಲಿ. 2003ರಿಂದ ಮಂಗಳೂರಿನ ಪೆಟ್ರೋಲ್, ಡೀಸೆಲ್ಲನ್ನು ಹಾಸನ ಮಾರ್ಗವಾಗಿ ಬೆಂಗಳೂರಿಗೆ ಒಯ್ಯುತ್ತಿರುವಂಥ ತೈಲ ಕೊಳವೆಗಳಿಗೂ ಇದೇ ಕಾಯ್ದೆ. ಇದರ ಪ್ರಕಾರ ಸರ್ಕಾರ ಜಮೀನನ್ನು ಕೊಳ್ಳುವುದಿಲ್ಲ, ಅದರ ಅಡಿಯಲ್ಲಿ ಕೊಳವೆ ಹಾಕುವ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಅಧಿಸೂಚನೆ ಹೊರಬಿದ್ದ 21 ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಬೆಳೆ, ಮರಗಳ ನಷ್ಟವನ್ನು ಬೇರೆಯಾಗಿ ಕಟ್ಟಿಕೊಡುತ್ತಾರೆ. ಹಕ್ಕಿಗೆ ಕಾಯ್ದೆ ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ. ಆ ಮೇಲೆ ಕೊಳವೆ ಹಾದುಹೋದ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.

ಕಾಸರಗೋಡಿನ ಕಡೆ ನಮ್ಮ ಸಂಬಂಧಿಕರೊಬ್ಬರ ಅಡಿಕೆ ತೋಟದಲ್ಲಿ ಈ ನಿಯಮ ಹೇಗೆ ಕಾಣುತ್ತದೆ ಎಂಬುದನ್ನು ನೋಡಿದ್ದೇನೆ. ಸಾಲು ಮರಗಳ ನಡುವೆ ಬೈತಲೆಯಂತೆ ಒಂದು ಬಯಲು ಪಟ್ಟಿ, ಅದರ ಅಂಚಿನಲ್ಲಿ ಅಗೆಯಬಾರದೆಂಬ ಎಚ್ಚರಿಕೆಯ ಕಂಬ. ಪಟ್ಟಿಯಲ್ಲಿ ಅವರು ಈಗ ಅಲಸಂಡೆ, ಬಸಳೆ ಬೆಳೆಸುತ್ತಾರೆ, ಏಕೆಂದರೆ ಅಡಿಕೆ ಸಸಿಗೆ ಅಲ್ಲಿ ಅವಕಾಶವಿಲ್ಲ. ವಿಸ್ತಾರವಾದ ಹೊಲವಿರುವ ಸೀಮೆಯಲ್ಲಿ ಇಂಥ ಪಟ್ಟಿ ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲದಿರಬಹುದು. ನಮ್ಮ ಕರಾವಳಿಯಲ್ಲೂ ಕೇರಳದಲ್ಲೂ ಮನೆ, ಬಾವಿ, ನಾಲ್ಕು ತೆಂಗು ಎಲ್ಲವೂ ಹತ್ತು ಸೆಂಟ್ಸಿನೊಳಗೆ ಇರುವಾಗ, ಶೇ 10ರ ಪರಿಹಾರಕ್ಕೆ ಮಗನ ಮನೆಗೆಂದು ಇಟ್ಟ ಜಾಗವೇ ಹೋಗುತ್ತದೆ. ಅವರು ಪ್ರಶ್ನಿಸಿದ್ದು ನ್ಯಾಯವೇ ಆಗಿತ್ತು.

ಇದೇ ಯೋಜನೆಯ ಇನ್ನೊಂದು ಕವಲು ಪಾಲಕ್ಕಾಡು ಜಿಲ್ಲೆಯ ಕೂಟ್ಟನಾಡಿನಿಂದ ತಮಿಳುನಾಡಿನ ಏಳು ಜಿಲ್ಲೆಗಳ ಮೂಲಕ ಬೆಂಗಳೂರಿನತ್ತ ಹೋಗಬೇಕಿತ್ತು. ಹೊಲಗಳನ್ನು ಬಿಟ್ಟು ಹೆದ್ದಾರಿಯ ಪಕ್ಕದಲ್ಲಿ ಕೊಳವೆ ಹಾಕಿ ಎಂದು ಜಯಲಲಿತಾ ಸರ್ಕಾರ 2013ರಲ್ಲಿ ಹೇಳಿತು. ಮದ್ರಾಸ್ ಹೈಕೋರ್ಟ್ ಅದೇ ವರ್ಷ ಆ ಆದೇಶವನ್ನು ತಳ್ಳಿಹಾಕಿತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗೇಲ್ ಪರವಾಗಿಯೇ ತೀರ್ಪಿತ್ತಿತು. ಕಾನೂನಿನಲ್ಲಿ ಗೇಲ್ ಗೆದ್ದರೂ ರೈತರ ವಿರೋಧ ಅಲ್ಲಿಗೆ ನಿಲ್ಲಲಿಲ್ಲ. ಹೆದ್ದಾರಿ ಪಕ್ಕದ ದಾರಿ ತಾಂತ್ರಿಕವಾಗಿ ಸರಿಯೇ ತಪ್ಪೇ ಎಂಬುದನ್ನು ಎಂಜಿನಿಯರುಗಳು ಹೇಳಲಿ. ನಕ್ಷೆ ಅಂತಿಮವಾಗುವ ಮೊದಲೇ ಆ ಚರ್ಚೆ ಊರಿನವರೊಂದಿಗೆ ನಡೆದಿದ್ದರೆ ಅದು ನ್ಯಾಯಾಲಯದಲ್ಲಿ ಅಷ್ಟು ವರ್ಷ ಕಳೆಯಬೇಕಾಗಿರಲಿಲ್ಲ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ನಗರದೊಳಗಿನ ಕೆಲಸದಲ್ಲೂ ಇದೇ ಅಭ್ಯಾಸ ಮುಂದುವರಿದಿರುವುದರಿಂದಲೇ ನಾನು ಒಂದು ಅಂಕ ಕಳೆದದ್ದು. ನಮ್ಮ ಬೀದಿಯನ್ನು ಅಗೆದ ಗುತ್ತಿಗೆದಾರರು ಯಾವ ಬದಿಯಲ್ಲಿ, ಯಾವಾಗ ಅಗೆಯುತ್ತೇವೆ ಎಂದು ಯಾರಿಗೂ ತಿಳಿಸಲಿಲ್ಲ. ಕತ್ತರಿಸಿದ ಕಾಂಕ್ರೀಟನ್ನು ಮಳೆಗಾಲದ ಮೊದಲು ಮುಚ್ಚಲೂ ಇಲ್ಲ. ಮುಂದಿನ ಬಡಾವಣೆಗಳಿಗೆ ಕೊಳವೆ ಹಾಕುವ ಮುನ್ನ ಮಾರ್ಗದ ನಕ್ಷೆಯನ್ನು ಕನ್ನಡದಲ್ಲಿ ವಾರ್ಡಿನ ಜನರ ಮುಂದಿಟ್ಟು, ಆಕ್ಷೇಪ ಕೇಳಿ, ರಸ್ತೆ ಮುಚ್ಚುವ ದಿನಾಂಕವನ್ನು ಬರೆದುಕೊಡಬೇಕು. ಸಂಪರ್ಕಕ್ಕೆ ಅರ್ಜಿ ಹಾಕುವವರು ಸಹಿ ಮಾಡುವ ಮುನ್ನ ಈ ದಿನಾಂಕವನ್ನು ಕೇಳಿ ಪಡೆಯಿರಿ. ಫ್ಲ್ಯಾಟ್‌ನಲ್ಲಿರುವವರು ಗೋಡೆಯ ಯಾವ ಭಾಗದಲ್ಲಿ ಕೊಳವೆ ಏರುತ್ತದೆ ಎಂಬುದನ್ನು ಸಂಘದ ಸಭೆಯಲ್ಲಿ ಮೊದಲೇ ತೀರ್ಮಾನಿಸಿಕೊಂಡರೆ, ಫಿಟ್ಟರ್ ಬಂದ ದಿನ ವಾದಕ್ಕೆ ಅವಕಾಶವಿರುವುದಿಲ್ಲ.