ಗಾಜಿನ ಕಚೇರಿಯ ವಕೀಲರೋ, ಪಿ.ಜೆ. ಬಡಾವಣೆಯ ವಕೀಲರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ದಾವಣಗೆರೆಯ ಪಿ.ಜೆ. ಬಡಾವಣೆಯ ವಕೀಲರ ಕಡೆಗೆ. ಆದರೆ ಮೊದಲು ದುಡ್ಡು ಸುರಿದದ್ದು ಬೆಂಗಳೂರಿನ ಗಾಜಿನ ಕಚೇರಿಯಲ್ಲಿ.

ನಮ್ಮದು ಮೆಕ್ಕೆಜೋಳದ ನುಚ್ಚು ಮಾಡುವ ಸಣ್ಣ ಘಟಕ. ಮುಂಬೈಯ ಪಶು ಆಹಾರ ಕಂಪನಿಯೊಂದು ವರ್ಷವಿಡೀ ಸರಕು ಬೇಕೆಂದಾಗ, ಕರಾರು ಗಟ್ಟಿಯಾಗಿರಲಿ ಎಂದು ಅಳಿಯ ದೊಡ್ಡ ಕಾರ್ಪೊರೇಟ್ ಕಾನೂನು ಸಂಸ್ಥೆಯೊಂದಕ್ಕೆ ಕರೆದೊಯ್ದ. ವಕೀಲರು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಅವರ ಜಾಲತಾಣಕ್ಕೂ 'ನಾನಾಗಿಯೇ ಬಂದಿದ್ದೇನೆ' ಎಂದು ಒಪ್ಪಿಗೆ ಒತ್ತಿಯೇ ಹೋಗಬೇಕು. ಬಿಲ್ಲು ಕಂಡ ದಿನ ಆ ಒಪ್ಪಿಗೆಯ ಅರ್ಥವಾಯಿತು. ಆರಾರು ನಿಮಿಷಕ್ಕೆ ಲೆಕ್ಕ. 'ಊಟವಾಯಿತೇ' ಎಂದು ನಾನು ವಿಚಾರಿಸಿದ ಫೋನ್ ಕರೆಯೂ ಅದರಲ್ಲಿತ್ತು. ಒಟ್ಟು 1,85,000 ರೂಪಾಯಿ.

ಕೆಲಸ ಕಳಪೆ ಎನ್ನಲಾರೆ. 41 ಪುಟಗಳ ಕರಾರು. ತೇವಾಂಶ ಶೇ 14 ದಾಟಿದರೆ ಹೊಣೆ ಯಾರದು ಎಂಬುದೂ ಅದರಲ್ಲಿತ್ತು.

ನಾನು ಎಡವಿದ್ದು 27ನೇ ಪುಟದಲ್ಲಿ. ಹಣ ಪಾವತಿ 90 ದಿನಗಳಲ್ಲಿ. ವ್ಯಾಜ್ಯವಾದರೆ ಮಧ್ಯಸ್ಥಿಕೆಯ, ಅಂದರೆ ನ್ಯಾಯಾಲಯದ ಹೊರಗೆ ಮಧ್ಯಸ್ಥರು ತೀರ್ಪು ಕೊಡುವ ವ್ಯವಸ್ಥೆಯ, 'ಸೀಟು' ಮುಂಬೈ. ಸೀಟು ಎಂದರೆ ಎಲ್ಲಿ ಕುಳಿತು ಮಾತನಾಡುವುದು ಎಂದಷ್ಟೇ ತಿಳಿದಿದ್ದೆ. ಸೀಟು ಯಾವ ಊರಿನದೋ ಆ ಊರಿನ ನ್ಯಾಯಾಲಯಕ್ಕೇ ಅಧಿಕಾರ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತಂತೆ. ಒಂಬತ್ತು ಲಕ್ಷ ಬಾಕಿ ನಿಂತಾಗ ನನಗೆ ಗೊತ್ತಾಯಿತು.

ಬೆಂಗಳೂರಿಗೆ ಫೋನ್ ಮಾಡಿದರೆ, 'ಕರಾರಿನ ತಂಡ ಬೇರೆ, ವ್ಯಾಜ್ಯದ ತಂಡ ಬೇರೆ' ಎಂದರು. ಆ ಹೊಸ ತಂಡಕ್ಕೆ ನಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕು, ಗಡಿಯಾರ ಮತ್ತೆ ಓಡಬೇಕು. ನುಚ್ಚಿನ ಲಾಭದಲ್ಲಿ ಅದೆಷ್ಟು ಆರು ನಿಮಿಷಗಳು ಸಿಕ್ಕಾವು?

ಪಿ.ಜೆ. ಬಡಾವಣೆಯ ವಕೀಲರು ಕರಾರನ್ನು ಬಿಚ್ಚಲೇ ಇಲ್ಲ. 'ಉದ್ಯಮ್ ನೋಂದಣಿ ಇದೆಯೇ? ಸರಕು ಕಳಿಸುವ ಮೊದಲೇ ಆಗಿತ್ತೇ?' ಎಂದರು. ಸಣ್ಣ ಉದ್ದಿಮೆಗಳ ಆ ಸರ್ಕಾರಿ ನೋಂದಣಿಯನ್ನು ಬ್ಯಾಂಕ್ ಸಾಲಕ್ಕೆಂದು ಎಂದೋ ಮಾಡಿಸಿದ್ದೆ. ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ! ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಂತೆ ನಮ್ಮಂಥ ಸಣ್ಣ ಉತ್ಪಾದಕರಿಗೆ 45 ದಿನಗಳೊಳಗೆ ಹಣ ಬರಬೇಕು, ಕರಾರಿನಲ್ಲಿ 90 ಎಂದಿದ್ದರೂ ಸರಿಯೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ದೂರು ಇಂಥ ಬಾಕಿಗಳನ್ನು ವಿಚಾರಿಸುವ ಕರ್ನಾಟಕದ ಮಂಡಳಿಗೇ ಹೋಗಬಹುದು. ಮುಂಬೈ ಸೀಟು ಅಡ್ಡ ಬರುವುದಿಲ್ಲ.

ಅವರ ಗುಮಾಸ್ತರು ಇಂಥ ದೂರು ಪಡೆಯುವ ಸರ್ಕಾರಿ ಸಮಾಧಾನ್ ಜಾಲತಾಣದಲ್ಲಿ ಅರ್ಜಿ ಹಾಕಿದರು. ಶುಲ್ಕ 12,000, ಒಂದೇ ಸಲ. ಮೂರನೇ ವಾರ ಅಸಲು ಬಂತು. ಬಡ್ಡಿಯನ್ನು ನಾನೇ ಬಿಟ್ಟೆ, ಗಿರಾಕಿ ಉಳಿಯಬೇಕಲ್ಲ.

ಇವರಲ್ಲೂ ಕಿರಿಕಿರಿಯಿದೆ. ಕಲಾಪವಿರುವ ದಿನ ಸಂಜೆ ಆರರವರೆಗೆ ಫೋನ್ ಎತ್ತುವುದಿಲ್ಲ, ಇಮೇಲ್ ಎಂದರೆ ಅಲರ್ಜಿ. ಜಿಎಸ್‌ಟಿಯಲ್ಲಿ ವ್ಯತ್ಯಾಸವಿಲ್ಲ, ಸೇವೆ ಪಡೆದವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್‌ನಲ್ಲಿ ಎರಡೂ ಕಡೆ ಕಟ್ಟುವವರು ನಾವೇ.

ನಾಳೆ ಯಾರಾದರೂ ವಿದೇಶಿ ಹಣ ಹಿಡಿದು ಘಟಕದಲ್ಲಿ ಪಾಲು ಕೇಳಿದರೆ ಗಾಜಿನ ಕಚೇರಿಗೇ ಹೋಗುತ್ತೇನೆ. 'ಅದು ನನ್ನ ಕೈಲಾಗುವ ಕೆಲಸವಲ್ಲ' ಎಂದು ನಮ್ಮ ವಕೀಲರೇ ಹೇಳಿದ್ದಾರೆ. ಅದನ್ನು ಹೇಳಿದ್ದಕ್ಕೆ ಅವರು ಬಿಲ್ಲು ಕೊಡಲಿಲ್ಲ.